ಗ್ರೀನ್‌ಲ್ಯಾಂಡ್ ದೇಶವೋ, ಪ್ರಾಂತವೋ, ವಸಾಹತೋ? ತಿಳಿದವರು ದಯವಿಟ್ಟು ವಿವರಿಸಿ

ಪ್ರಶ್ನೆಪತ್ರಿಕೆ ಮೇಷ್ಟ್ರು
ತಾಲ್ಲೂಕು ಮಟ್ಟದ ರಸಪ್ರಶ್ನೆ ಸ್ಪರ್ಧೆಗೆ ಪ್ರಶ್ನೆಗಳನ್ನು ಸಿದ್ಧಪಡಿಸುವ ಹೊಣೆ ಈ ಬಾರಿ ನನ್ನ ಪಾಲಿಗೆ ಬಂದಿದೆ. "ಜಗತ್ತಿನ ಅತಿ ದೊಡ್ಡ ದ್ವೀಪವಾದ ಗ್ರೀನ್‌ಲ್ಯಾಂಡ್ ಯಾವ ಖಂಡದಲ್ಲಿದೆ, ಯಾವ ದೇಶಕ್ಕೆ ಸೇರಿದೆ?" ಎಂಬ ಪ್ರಶ್ನೆಗೆ "ಉತ್ತರ ಅಮೆರಿಕ, ಡೆನ್ಮಾರ್ಕ್" ಎಂದು ಉತ್ತರ ಬರೆದಿದ್ದೇನೆ. ಸಮಿತಿಯಲ್ಲಿ ಒಬ್ಬರು, ಆ ದ್ವೀಪಕ್ಕೆ ತನ್ನದೇ ಪ್ರಧಾನಿ, ಧ್ವಜ, ಸಂಸತ್ತು ಇರುವುದರಿಂದ ಅದು ಸ್ವತಂತ್ರ ದೇಶವೇ ಎನ್ನುತ್ತಾರೆ. ಇನ್ನೊಬ್ಬರ ಪ್ರಕಾರ ಅದು ಇಂದಿಗೂ ವಸಾಹತು. ಮೂರನೆಯವರು, ಡೆನ್ಮಾರ್ಕ್ ಯುರೋಪಿನಲ್ಲಿರುವಾಗ ಅದರ ಭಾಗ ಬೇರೆ ಖಂಡದಲ್ಲಿರಲು ಹೇಗೆ ಸಾಧ್ಯ ಎಂದು ಪಟ್ಟು ಹಿಡಿದಿದ್ದಾರೆ. ಯಾರ ಮಾತು ಸರಿ, ಮತ್ತು ಯಾವ ಆಧಾರದ ಮೇಲೆ ಸರಿ?

ಹಾಸನದ ಹುಡುಗ
ರಾಜಧಾನಿ ಯಾವುದು ಎಂದು ಕೇಳಿಬಿಡಿ ಮೇಷ್ಟ್ರೇ. ನೂಕ್ ಎಂಬ ಉತ್ತರಕ್ಕೆ ಯಾರೂ ತಕರಾರು ತೆಗೆಯುವುದಿಲ್ಲ.

ಭೂಪಟಪ್ರಿಯ
ಖಂಡದ ವಿಷಯ ಸುಲಭವಾದುದರಿಂದ ಅದನ್ನು ಮೊದಲು ಮುಗಿಸೋಣ. ಗ್ರೀನ್‌ಲ್ಯಾಂಡ್ ಉತ್ತರ ಅಮೆರಿಕದ ಭೂಫಲಕದ ಮೇಲಿದೆ. ವಾಯವ್ಯದಲ್ಲಿ ಕೆನಡಾದ ಎಲ್ಸ್‌ಮಿಯರ್ ದ್ವೀಪಕ್ಕೂ ಅದಕ್ಕೂ ನಡುವೆ ಇರುವ ನೇರ್ಸ್ ಜಲಸಂಧಿಯು ಕಿರಿದಾದ ಕಡೆ ಮೂವತ್ತು ಕಿಲೋಮೀಟರಿಗೂ ಕಡಿಮೆ ಅಗಲವಾಗಿದೆ. ಐಸ್‌ಲ್ಯಾಂಡ್ ಸುಮಾರು 300 ಕಿಲೋಮೀಟರ್ ದೂರದಲ್ಲಿದ್ದರೆ, ಕೋಪನ್‌ಹೇಗನ್ನಿನಿಂದ ನೂಕ್‌ಗೆ ಸುಮಾರು 3,500 ಕಿಲೋಮೀಟರ್ ಆಗುತ್ತದೆ. ದಕ್ಷಿಣದ ಫೇರ್‌ವೆಲ್ ಭೂಶಿರ ಹೆಚ್ಚುಕಡಿಮೆ ಓಸ್ಲೋ ನಗರದ ಅಕ್ಷಾಂಶದಲ್ಲಿದೆ. ಉತ್ತರದ ಮಾರಿಸ್ ಜೆಸಪ್ ಭೂಶಿರ 83 ಡಿಗ್ರಿಯನ್ನೂ ದಾಟಿ, ಉತ್ತರ ಧ್ರುವದಿಂದ ಸುಮಾರು 700 ಕಿಲೋಮೀಟರ್ ದೂರದಲ್ಲಿದೆ.

ಇನ್ನು ಗಾತ್ರ. ನಮ್ಮ ಶಾಲೆಗಳ ಗೋಡೆಯ ಮೇಲಿರುವ ಮರ್ಕೇಟರ್ ನಕ್ಷೆಯಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ವಾಸ್ತವದಲ್ಲಿ ಆಫ್ರಿಕಾ ಅದರ ಹದಿನಾಲ್ಕು ಪಟ್ಟು ದೊಡ್ಡದು. 1569ರ ಆ ನಕ್ಷಾವಿಧಾನವು ಹಡಗಿನ ದಿಕ್ಕನ್ನು ಸರಳರೇಖೆಯಾಗಿ ತೋರಿಸುವುದಕ್ಕೆಂದು ರೂಪುಗೊಂಡದ್ದು. ಅದರಲ್ಲಿ 60 ಡಿಗ್ರಿ ಅಕ್ಷಾಂಶದ ಪ್ರದೇಶವು ನಾಲ್ಕು ಪಟ್ಟು, 70 ಡಿಗ್ರಿಯದು ಎಂಟೂವರೆ ಪಟ್ಟು, 80 ಡಿಗ್ರಿಯದು ಮೂವತ್ತು ಪಟ್ಟಿಗಿಂತಲೂ ಹೆಚ್ಚು ಹಿಗ್ಗಿ ಕಾಣುತ್ತದೆ. ನಿಜವಾದ ವಿಸ್ತೀರ್ಣ ಸುಮಾರು 21.66 ಲಕ್ಷ ಚದರ ಕಿಲೋಮೀಟರ್, ಅಂದರೆ ಭಾರತದ ಮೂರನೆಯ ಎರಡು ಭಾಗದಷ್ಟು. ಅದರಲ್ಲಿ ಐದನೆಯ ನಾಲ್ಕು ಭಾಗ ಹಿಮಹಾಸಿನಡಿ ಇದೆ. ಹಿಮವಿಲ್ಲದ ಸುಮಾರು 4.1 ಲಕ್ಷ ಚದರ ಕಿಲೋಮೀಟರ್ ಮಾತ್ರ ಉಳಿದರೂ ಅದು ಕರ್ನಾಟಕದ ಎರಡು ಪಟ್ಟಿಗಿಂತ ತುಸು ಹೆಚ್ಚೇ ಆಯಿತು. ಅಷ್ಟು ನೆಲದಲ್ಲಿರುವ ಜನ ಸುಮಾರು 57,000 ಮಾತ್ರ. ಒಂದು ಪಟ್ಟಣದಿಂದ ಇನ್ನೊಂದಕ್ಕೆ ರಸ್ತೆಯೇ ಇಲ್ಲ. ದೋಣಿ, ವಿಮಾನ, ಹೆಲಿಕಾಪ್ಟರ್ ಅಥವಾ ಚಳಿಗಾಲದಲ್ಲಿ ನಾಯಿಗಳೆಳೆಯುವ ಜಾರುಬಂಡಿಯನ್ನೇ ನಂಬಬೇಕು.

ಶಿಲಾಶೋಧಕ
ಭೂಪಟಪ್ರಿಯರ ಮಾತಿಗೆ ಒಂದು ಸೇರ್ಪಡೆ. ಗ್ರೀನ್‌ಲ್ಯಾಂಡಿನ ತಳಶಿಲೆಯು ಕೆನಡಾದ ಪ್ರಾಚೀನ ಶಿಲಾಸ್ತರದ ಮುಂದುವರಿಕೆಯೇ ಆಗಿದ್ದು, ಸುಮಾರು ಆರು ಕೋಟಿ ವರ್ಷಗಳ ಹಿಂದೆ ಡೇವಿಸ್ ಜಲಸಂಧಿ ಮತ್ತು ಬ್ಯಾಫಿನ್ ಕೊಲ್ಲಿ ಬಾಯ್ತೆರೆದು ಇವೆರಡನ್ನೂ ದೂರ ಮಾಡಿದವು. ನೂಕ್‌ನ ಈಶಾನ್ಯಕ್ಕಿರುವ ಇಸುವಾ ಎಂಬಲ್ಲಿನ ಶಿಲೆಗಳ ವಯಸ್ಸು 370 ಕೋಟಿ ವರ್ಷಗಳಿಗೂ ಹೆಚ್ಚು. ಹಾಸನದ ಹುಡುಗನ ಸಮಾಧಾನಕ್ಕಾಗಿ ಹೇಳುವುದಾದರೆ, ಆತನ ಜಿಲ್ಲೆಯ ಗೊರೂರಿನ ನೈಸ್ (gneiss) ಎಂಬ ಪಟ್ಟೆಪಟ್ಟೆಯ ಶಿಲೆಗಳೂ ಮುನ್ನೂರು ಕೋಟಿ ವರ್ಷಗಳನ್ನು ದಾಟಿದವೇ, ಆದರೆ ಇಸುವಾ ಅವಕ್ಕಿಂತ ಹಿರಿದು.

ಹಿಮಹಾಸಿನ ದಪ್ಪ ಕೆಲವೆಡೆ ಮೂರು ಕಿಲೋಮೀಟರ್ ಮೀರುತ್ತದೆ. ಆ ಭಾರಕ್ಕೆ ದ್ವೀಪದ ನಡುಭಾಗದ ನೆಲ ಕುಸಿದು ಹಲವೆಡೆ ಸಮುದ್ರಮಟ್ಟಕ್ಕಿಂತ ಕೆಳಗಿದೆ, ಪರ್ವತಗಳೆಲ್ಲ ಅಂಚಿನಲ್ಲಿವೆ. ಆರ್ಕ್‌ಟಿಕ್ ವೃತ್ತದ ಉತ್ತರಕ್ಕಿರುವ ಅತಿ ಎತ್ತರದ ಶಿಖರ ಗುನ್‌ಬ್ಯೋರ್ನ್ ಪೂರ್ವ ಕರಾವಳಿಯಲ್ಲಿದ್ದು, ಅದರ ಎತ್ತರ ಸುಮಾರು 3,700 ಮೀಟರ್.

ಹಾಸನದ ಹುಡುಗ
ಹಾಗಿದ್ದರೆ ಆಸ್ಟ್ರೇಲಿಯಾವನ್ನು ಅತಿ ದೊಡ್ಡ ದ್ವೀಪ ಎಂದು ಏಕೆ ಕರೆಯುವುದಿಲ್ಲ? ಅದರ ಸುತ್ತಲೂ ನೀರೇ ಇದೆಯಲ್ಲ?

ಶಿಲಾಶೋಧಕ
ಆಸ್ಟ್ರೇಲಿಯಾದ ಭೂಖಂಡದ ತಳ ಯಾವುದೇ ಇತರ ಖಂಡಕ್ಕೆ ಅಂಟಿಕೊಂಡಿಲ್ಲ. ಗ್ರೀನ್‌ಲ್ಯಾಂಡಿನದು ಉತ್ತರ ಅಮೆರಿಕದ್ದೇ ಭಾಗ. ಎರಡನೆಯ ಅತಿ ದೊಡ್ಡ ದ್ವೀಪವಾದ ನ್ಯೂಗಿನಿ ಎಂಟು ಲಕ್ಷ ಚದರ ಕಿಲೋಮೀಟರನ್ನೂ ಮುಟ್ಟುವುದಿಲ್ಲವಾದ್ದರಿಂದ ಪೈಪೋಟಿಗೆ ಆಸ್ಪದವೇ ಇಲ್ಲ.

ಮೈದಾನದ ಮಾತು
ಖಂಡ ಎಂಬುದು ಕಲ್ಲಿನಿಂದಷ್ಟೇ ನಿರ್ಧಾರವಾಗುವುದಿಲ್ಲ ಎಂಬುದಕ್ಕೆ ಕಾಲ್ಚೆಂಡಾಟದಿಂದ ಒಂದು ಉದಾಹರಣೆ ಇದೆ. ಗ್ರೀನ್‌ಲ್ಯಾಂಡಿನ ಫುಟ್‌ಬಾಲ್ ಸಂಸ್ಥೆಯು ಉತ್ತರ ಮತ್ತು ಮಧ್ಯ ಅಮೆರಿಕ ಹಾಗೂ ಕೆರಿಬಿಯನ್ ದೇಶಗಳ ಒಕ್ಕೂಟವಾದ ಕಾನ್ಕಾಕಾಫ್‌ಗೆ ಸೇರಲು 2024ರಲ್ಲಿ ಅರ್ಜಿ ಹಾಕಿತ್ತು. 2025ರ ಜೂನ್‌ನಲ್ಲಿ ಒಕ್ಕೂಟ ಅದನ್ನು ತಿರಸ್ಕರಿಸಿತು. ಅದೇ ಡೆನ್ಮಾರ್ಕ್ ರಾಜಪ್ರಭುತ್ವದೊಳಗಿನ ಫೇರೋ ದ್ವೀಪಗಳು ಮಾತ್ರ ಯುರೋಪಿನ ಫುಟ್‌ಬಾಲ್ ಒಕ್ಕೂಟದ ಸದಸ್ಯರಾಗಿ ವಿಶ್ವಕಪ್ ಅರ್ಹತಾ ಪಂದ್ಯಗಳನ್ನು ಆಡುತ್ತಿವೆ. ಭೂಗೋಳವೂ ಕೈಕೊಟ್ಟಿತು, ರಾಜಕೀಯವೂ ಕೈಕೊಟ್ಟಿತು.

ಧಾರವಾಡದ ವಕೀಲ
ಮೇಷ್ಟ್ರು ಕೇಳಿದ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಸಮಿತಿಯ ಮೂವರೂ ಅರ್ಧ ಸತ್ಯವನ್ನೇ ಹೇಳುತ್ತಿದ್ದಾರೆ. ಗ್ರೀನ್‌ಲ್ಯಾಂಡ್ ಸಾರ್ವಭೌಮ ರಾಷ್ಟ್ರವಲ್ಲ, ವಿಶ್ವಸಂಸ್ಥೆಯ ಸದಸ್ಯನೂ ಅಲ್ಲ. ಡೆನ್ಮಾರ್ಕ್ ರಾಜಪ್ರಭುತ್ವದೊಳಗೆ ಮೂರು ಘಟಕಗಳಿವೆ: ಡೆನ್ಮಾರ್ಕ್, ಫೇರೋ ದ್ವೀಪಗಳು ಮತ್ತು ಗ್ರೀನ್‌ಲ್ಯಾಂಡ್. 1979ರಲ್ಲಿ ಗ್ರೀನ್‌ಲ್ಯಾಂಡಿಗೆ ಹೋಂ ರೂಲ್ ಬಂದಿತು. 2008ರ ನವೆಂಬರ್‌ನಲ್ಲಿ ನಡೆದ ಜನಮತಗಣನೆಯಲ್ಲಿ ಮತ ಹಾಕಿದವರ ಪೈಕಿ ಸುಮಾರು ಶೇಕಡಾ 75 ಮಂದಿ ಒಪ್ಪಿದ ಮೇಲೆ, 2009ರ ಜೂನ್ 21ರಿಂದ ಸ್ವಯಂ ಆಡಳಿತ ಕಾಯ್ದೆ ಜಾರಿಯಲ್ಲಿದೆ. ಶಿಕ್ಷಣ, ಆರೋಗ್ಯ, ಮೀನುಗಾರಿಕೆ, ತೆರಿಗೆ, ಖನಿಜ ಸಂಪತ್ತು ಇವೆಲ್ಲ ನೂಕ್‌ನ ಕೈಯಲ್ಲಿವೆ. ಸಂವಿಧಾನ, ಪೌರತ್ವ, ಸರ್ವೋಚ್ಚ ನ್ಯಾಯಾಲಯ, ವಿದೇಶಾಂಗ, ರಕ್ಷಣೆ ಮತ್ತು ನಾಣ್ಯನೀತಿ ಕೋಪನ್‌ಹೇಗನ್ನಿನ ಕೈಯಲ್ಲಿವೆ. ಪೊಲೀಸ್ ಮತ್ತು ನ್ಯಾಯಾಡಳಿತವನ್ನು ಬೇಕಾದರೆ ಗ್ರೀನ್‌ಲ್ಯಾಂಡ್ ಕೇಳಿ ಪಡೆಯಬಹುದು, ಆದರೆ ಅದರ ಖರ್ಚನ್ನು ತಾನೇ ಹೊರಬೇಕೆಂಬ ಷರತ್ತಿರುವುದರಿಂದ ಇನ್ನೂ ಪಡೆದಿಲ್ಲ.

ಇಲ್ಲಿ ಗಮನಿಸಬೇಕಾದದ್ದು ಆ ಕಾಯ್ದೆಯ 21ನೇ ಕಲಂ. ಸ್ವಾತಂತ್ರ್ಯದ ನಿರ್ಧಾರವನ್ನು ಗ್ರೀನ್‌ಲ್ಯಾಂಡಿನ ಜನರೇ ಕೈಗೊಳ್ಳಬೇಕು ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಅಂತರರಾಷ್ಟ್ರೀಯ ಕಾನೂನಿನ ಪ್ರಕಾರ ಅವರು ಸ್ವನಿರ್ಣಯದ ಹಕ್ಕುಳ್ಳ ಒಂದು ಜನಾಂಗ ಎಂಬುದನ್ನು ಕಾಯ್ದೆಯ ಪೀಠಿಕೆಯೇ ಒಪ್ಪಿಕೊಂಡಿದೆ. ನಮ್ಮ ಸಂವಿಧಾನದ ಅಡಿ ಯಾವ ರಾಜ್ಯಕ್ಕೂ ಬೇರ್ಪಡುವ ಹಕ್ಕಿಲ್ಲ. ಆ ದೃಷ್ಟಿಯಿಂದ ನಮ್ಮ ರಾಜ್ಯಗಳಿಗೂ ಗ್ರೀನ್‌ಲ್ಯಾಂಡಿಗೂ ಹೋಲಿಕೆ ಸಲ್ಲದು.

ಇತಿಹಾಸದ ಓದುಗ
ವಕೀಲರು ಕಾಯ್ದೆಯನ್ನು ಚೆನ್ನಾಗಿ ಓದಿದ್ದಾರೆ, ಆದರೆ ಅದೇ ಕಲಂನ ಮುಂದಿನ ಸಾಲುಗಳನ್ನು ಬಿಟ್ಟಿದ್ದಾರೆ. ಜನ ನಿರ್ಧರಿಸಿದ ಮೇಲೆ ಎರಡೂ ಸರ್ಕಾರಗಳು ಮಾತುಕತೆ ನಡೆಸಬೇಕು. ಆಗುವ ಒಪ್ಪಂದಕ್ಕೆ ಗ್ರೀನ್‌ಲ್ಯಾಂಡ್ ಸಂಸತ್ತಿನ ಸಮ್ಮತಿ, ಅಲ್ಲಿನ ಜನಮತಗಣನೆ, ಕೊನೆಗೆ ಡೆನ್ಮಾರ್ಕ್ ಸಂಸತ್ತಾದ ಫೋಲ್ಕೆಟಿಂಗ್‌ನ ಒಪ್ಪಿಗೆ, ಇಷ್ಟೂ ಬೇಕು. ಕೊನೆಯ ಬೀಗದ ಕೈ ಕೋಪನ್‌ಹೇಗನ್ನಿನಲ್ಲೇ ಇರುವಾಗ ಅದನ್ನು ಹಕ್ಕು ಎಂದು ಕರೆಯುವುದು ತುಸು ಉದಾರವಾಯಿತು.

ಧಾರವಾಡದ ವಕೀಲ
ಬಿಟ್ಟಿಲ್ಲ ಸ್ವಾಮಿ, ಅಲ್ಲಿಗೇ ಬರುತ್ತಿದ್ದೆ. ಡೆನ್ಮಾರ್ಕಿನ ಸಂವಿಧಾನದ 19ನೇ ಕಲಂ ಪ್ರಕಾರ ದೇಶದ ಭೂಪ್ರದೇಶ ಬದಲಾಗಬೇಕಾದರೆ ಸಂಸತ್ತಿನ ಒಪ್ಪಿಗೆ ಬೇಕೇ ಬೇಕು. ಅದನ್ನು ಒಂದು ಸಾಧಾರಣ ಕಾಯ್ದೆಯಿಂದ ತೆಗೆದುಹಾಕಲಾಗದು. ಜನಾಂಗದ ಹಕ್ಕನ್ನು ತಾನೇ ಬರೆದುಕೊಟ್ಟು, ಜನಮತಗಣನೆ ಮುಗಿದ ಮೇಲೆ ಒಪ್ಪಿಗೆ ನಿರಾಕರಿಸುವ ಧೈರ್ಯ ಯಾವ ಡೆನ್ಮಾರ್ಕ್ ಸರ್ಕಾರಕ್ಕೂ ಇರಲಾರದು ಎಂಬುದು ನನ್ನ ಅಭಿಪ್ರಾಯ.

ಇತಿಹಾಸದ ಓದುಗ
ಧೈರ್ಯದ ಪ್ರಶ್ನೆ ಬಂದದ್ದರಿಂದ 1953ನ್ನು ನೆನಪಿಸುತ್ತೇನೆ, ಏಕೆಂದರೆ "ಇದು ವಸಾಹತು" ಎಂದ ಸಮಿತಿಯ ಸದಸ್ಯರ ಮಾತಿನ ಬೇರು ಅಲ್ಲಿದೆ.

ಕ್ರಿ.ಶ. 985ರ ಸುಮಾರಿಗೆ ಐಸ್‌ಲ್ಯಾಂಡಿನಿಂದ ಕೆಂಪು ಎರಿಕ್ ಎಂಬುವನ ಹಿಂದೆ ಬಂದು ನೆಲೆಸಿದ ನಾರ್ಸ್ ಜನರ ವಸತಿಗಳು ಹದಿನೈದನೆಯ ಶತಮಾನದಲ್ಲಿ ಅಳಿದುಹೋದವು. ಅವರ ಕುರಿತ ಕೊನೆಯ ಲಿಖಿತ ದಾಖಲೆ 1408ರಲ್ಲಿ ಹ್ವಾಲ್ಸೇ ಚರ್ಚಿನಲ್ಲಿ ನಡೆದ ಒಂದು ಮದುವೆಯದು. ಗ್ರೀನ್‌ಲ್ಯಾಂಡಿನ ಮೂಲನಿವಾಸಿಗಳಾದ ಇಂದಿನ ಇನ್ಯುಯಿಟ್ ಜನರ ಪೂರ್ವಜರು ಆ ಹೊತ್ತಿಗಾಗಲೇ ವಾಯವ್ಯದಿಂದ ಹರಡಿಕೊಂಡಿದ್ದರು. 1721ರಲ್ಲಿ ಹಾನ್ಸ್ ಎಗೆಡೆ ಎಂಬ ಪಾದ್ರಿ ಬಂದಿಳಿದ ಮೇಲೆ ವಸಾಹತು ಆಡಳಿತ ಶುರುವಾಯಿತು. ಆಗ ಡೆನ್ಮಾರ್ಕ್ ಮತ್ತು ನಾರ್ವೆಗೆ ಒಬ್ಬನೇ ಅರಸ. 1814ರ ಕೀಲ್ ಒಪ್ಪಂದದಲ್ಲಿ ನಾರ್ವೆ ಸ್ವೀಡನ್ನಿನ ಪಾಲಾದಾಗ ಗ್ರೀನ್‌ಲ್ಯಾಂಡ್ ಮಾತ್ರ ಡೆನ್ಮಾರ್ಕಿನಲ್ಲೇ ಉಳಿಯಿತು. ನಾರ್ವೆಗೆ ಆ ಸಂಕಟ ಎಷ್ಟು ಕಾಲ ಉಳಿಯಿತೆಂದರೆ, 1931ರಲ್ಲಿ ಪೂರ್ವ ಕರಾವಳಿಯ ಒಂದು ಭಾಗ ತನ್ನದೆಂದು ಅದು ಘೋಷಿಸಿತು. 1933ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯವು ಇಡೀ ದ್ವೀಪ ಡೆನ್ಮಾರ್ಕಿನದೇ ಎಂದು ತೀರ್ಪು ಕೊಟ್ಟಿತು.

ಎರಡನೆಯ ಮಹಾಯುದ್ಧದ ಬಳಿಕ ವಸಾಹತುಗಳ ಬಗ್ಗೆ ವಿಶ್ವಸಂಸ್ಥೆಗೆ ವರ್ಷವರ್ಷವೂ ವರದಿ ಒಪ್ಪಿಸಬೇಕಾಗಿ ಬಂತು. ಅದರಿಂದ ಪಾರಾಗಲು ಡೆನ್ಮಾರ್ಕ್ 1953ರ ಹೊಸ ಸಂವಿಧಾನದಲ್ಲಿ ಗ್ರೀನ್‌ಲ್ಯಾಂಡನ್ನು ತನ್ನ ಜಿಲ್ಲೆಯೆಂದು ಸೇರಿಸಿಕೊಂಡು, ಸಂಸತ್ತಿನಲ್ಲಿ ಎರಡು ಸ್ಥಾನ ಕೊಟ್ಟಿತು. ಪ್ರಾಂತೀಯ ಮಂಡಳಿಯ ಸಮ್ಮತಿ ಪಡೆದದ್ದು ನಿಜ. ಆದರೆ ಆ ಸಂವಿಧಾನದ ಕುರಿತ ಜನಮತಗಣನೆಯಲ್ಲಿ ಗ್ರೀನ್‌ಲ್ಯಾಂಡಿನ ಜನರಿಗೆ ಮತವೇ ಇರಲಿಲ್ಲ. ಸ್ವತಂತ್ರವಾಗಬೇಕೇ, ಸಹಯೋಗದಲ್ಲಿರಬೇಕೇ, ವಿಲೀನವಾಗಬೇಕೇ ಎಂಬ ಆಯ್ಕೆಯನ್ನು ಯಾರೂ ಅವರ ಮುಂದೆ ಇಡಲಿಲ್ಲ. 1954ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಇದನ್ನು ಒಪ್ಪಿ ಗ್ರೀನ್‌ಲ್ಯಾಂಡನ್ನು ಪಟ್ಟಿಯಿಂದ ಕೈಬಿಟ್ಟಿತು. ಕಾಗದದ ಮೇಲೆ ವಸಾಹತು ಅಂದಿಗೆ ಮುಗಿಯಿತು.

ಅದೇ 1953ರಲ್ಲಿ, ವಾಯವ್ಯದ ತೂಲೆ ಪ್ರದೇಶದ ಇನ್ಯುಯಿಟ್ ಕುಟುಂಬಗಳನ್ನು ಅಮೆರಿಕದ ವಾಯುನೆಲೆಯ ವಿಸ್ತರಣೆಗಾಗಿ ಕೆಲವೇ ದಿನಗಳ ಸೂಚನೆ ಕೊಟ್ಟು ನೂರಕ್ಕೂ ಹೆಚ್ಚು ಕಿಲೋಮೀಟರ್ ಉತ್ತರದ ಕಾನಾಕ್‌ಗೆ ಎಬ್ಬಿಸಿ ಕಳುಹಿಸಲಾಯಿತು. ಪ್ರಜೆಗಳೆಂದು ಕರೆದ ವರ್ಷವೇ ಅವರನ್ನು ನಡೆಸಿಕೊಂಡ ರೀತಿ ಇದು.

ನಿವೃತ್ತ ತಹಶೀಲ್ದಾರ್
ನನಗೆ ಅರ್ಥವಾದಷ್ಟು ಹೇಳುತ್ತೇನೆ. ಪಹಣಿಯ 9ನೇ ಕಲಂನಲ್ಲಿ ಖಾತೆದಾರನ ಹೆಸರಿರುತ್ತದೆ, 12ನೇ ಕಲಂನಲ್ಲಿ ಸಾಗುವಳಿದಾರನದು. ಇಲ್ಲಿ ಖಾತೆ ಡೆನ್ಮಾರ್ಕ್ ದೊರೆಯ ಹೆಸರಿನಲ್ಲಿದ್ದು, ಸಾಗುವಳಿ ನೂಕ್ ಸರ್ಕಾರದ್ದು, ಮೂಲೆಯ ಒಂದು ತಾಕು ಅಮೆರಿಕದ ಸೇನೆಯ ಸ್ವಾಧೀನದಲ್ಲಿದೆ. ಖಾತೆ ಬದಲಾವಣೆಗೆ ಸಾಗುವಳಿದಾರನೇ ಅರ್ಜಿ ಹಾಕಬಹುದೆಂದು 2009ರಲ್ಲಿ ಬರೆದುಕೊಟ್ಟಿದ್ದಾರೆ, ಆದರೆ ಮಂಜೂರು ಮಾಡುವ ಅಧಿಕಾರ ಖಾತೆದಾರನಲ್ಲೇ ಇದೆ. ಸರಿಯೇ?

ಕೋಪನ್‌ಹೇಗನ್ ಕನ್ನಡಿಗ
ತಹಶೀಲ್ದಾರರೇ, ಬಹುಮಟ್ಟಿಗೆ ಸರಿ. ಕುತೂಹಲದ ಸಂಗತಿ ಎಂದರೆ ಗ್ರೀನ್‌ಲ್ಯಾಂಡಿನಲ್ಲಿ ಯಾರ ಹೆಸರಿಗೂ ಖಾಸಗಿ ಖಾತೆಯೇ ಇಲ್ಲ. ಮನೆ ಸ್ವಂತದ್ದಾಗಬಹುದು, ಅದರ ಕೆಳಗಿನ ನೆಲ ಸಮುದಾಯದ್ದು, ಬಳಸುವ ಹಕ್ಕನ್ನಷ್ಟೇ ಕೊಡುತ್ತಾರೆ. ದುಡ್ಡು ಕೊಟ್ಟು ದ್ವೀಪ ಕೊಳ್ಳುತ್ತೇವೆ ಎನ್ನುವವರು ಇದನ್ನು ಮೊದಲು ತಿಳಿದುಕೊಳ್ಳುವುದು ಒಳ್ಳೆಯದು.

ಇಲ್ಲಿ ನೆಲೆಸಿರುವವನಾಗಿ ನಾನು ಕಾಣುವ ಚಿತ್ರ ಬೇರೆಯದು. ಗ್ರೀನ್‌ಲ್ಯಾಂಡಿನವರು ಡೆನ್ಮಾರ್ಕಿನ ಪೌರರು. ಅವರ ನಾಣ್ಯವೂ ಕ್ರೋನರ್. ದೊಡ್ಡ ಶಸ್ತ್ರಚಿಕಿತ್ಸೆಗೆ ಅವರನ್ನು ವಿಮಾನದಲ್ಲಿ ಕೋಪನ್‌ಹೇಗನ್ನಿಗೇ ಕರೆತರುತ್ತಾರೆ. 179 ಸದಸ್ಯರ ಫೋಲ್ಕೆಟಿಂಗ್‌ನಲ್ಲಿ ಅವರಿಗಿರುವ ಎರಡು ಸ್ಥಾನಗಳನ್ನು ಹಗುರವಾಗಿ ಕಾಣಬೇಡಿ. 2022ರ ಚುನಾವಣೆಯಲ್ಲಿ ಎಡಪಕ್ಷಗಳ ಕೂಟಕ್ಕೆ 90 ಸ್ಥಾನಗಳ ಬಹುಮತ ಒದಗಿದ್ದು ಈ ಎರಡು ಮತ್ತು ಫೇರೋದ ಒಂದು ಸ್ಥಾನ ಸೇರಿದ್ದರಿಂದಲೇ.

ಹಾಸನದ ಹುಡುಗ
ಡೆನ್ಮಾರ್ಕ್ ಐರೋಪ್ಯ ಒಕ್ಕೂಟದಲ್ಲಿದೆ, ಗ್ರೀನ್‌ಲ್ಯಾಂಡ್ ಇಲ್ಲ ಎಂದು ಎಲ್ಲೋ ಓದಿದೆ. ಇದು ಹೇಗೆ?

ಕೋಪನ್‌ಹೇಗನ್ ಕನ್ನಡಿಗ
1972ರ ಜನಮತಗಣನೆಯಲ್ಲಿ ಗ್ರೀನ್‌ಲ್ಯಾಂಡಿನ ಸುಮಾರು ಶೇಕಡಾ 70 ಮತದಾರರು ಐರೋಪ್ಯ ಸಮುದಾಯ ಬೇಡವೆಂದರು, ಆದರೆ ಡೆನ್ಮಾರ್ಕ್ ಒಟ್ಟಾರೆಯಾಗಿ ಬೇಕೆಂದದ್ದರಿಂದ 1973ರಲ್ಲಿ ಅವರೂ ಒಳಗೆ ಹೋಗಬೇಕಾಯಿತು. ಹೋಂ ರೂಲ್‌ನ ಬೇಡಿಕೆಗೆ ಬಲ ಬಂದದ್ದೇ ಆ ಅಸಮಾಧಾನದಿಂದ. ತಮ್ಮ ಕಡಲಿನಲ್ಲಿ ಯುರೋಪಿನ ದೊಡ್ಡ ಹಡಗುಗಳು ಮೀನು ಹಿಡಿಯುವುದನ್ನು ಅವರು ಸಹಿಸಲಿಲ್ಲ. 1982ರಲ್ಲಿ ತಾವೇ ಜನಮತಗಣನೆ ನಡೆಸಿ, ಸುಮಾರು ಶೇಕಡಾ 53 ಮತದಿಂದ ಹೊರಬರುವ ನಿರ್ಧಾರ ಮಾಡಿ, 1985ರಲ್ಲಿ ಹೊರಬಂದರು. ಬ್ರಿಟನ್ನಿಗಿಂತ ಮೂವತ್ತೈದು ವರ್ಷ ಮೊದಲೇ! ಆದರೂ ಡೆನ್ಮಾರ್ಕ್ ಪೌರತ್ವದ ಮೂಲಕ ಅಲ್ಲಿನ ಜನ ಐರೋಪ್ಯ ಒಕ್ಕೂಟದ ಪೌರರಾಗಿಯೇ ಉಳಿದಿದ್ದಾರೆ.

ಕಡಲತೀರದವಳು
ಕಾಯ್ದೆ, ಕಲಂ, ಸ್ಥಾನಗಳ ಲೆಕ್ಕದಲ್ಲಿ ಮನುಷ್ಯರನ್ನು ಮರೆಯಬಾರದು. ಗ್ರೀನ್‌ಲ್ಯಾಂಡ್ ಡೆನ್ಮಾರ್ಕಿನ "ಸಮಾನ ಭಾಗ"ವಾದ ಬಳಿಕವೇ, 1966ರಿಂದ 1970ರ ನಡುವೆ, ಸುಮಾರು 4,500 ಮಹಿಳೆಯರಿಗೂ ಹುಡುಗಿಯರಿಗೂ ಡೆನ್ಮಾರ್ಕಿನ ವೈದ್ಯರು ಗರ್ಭನಿರೋಧಕ ವಂಕಿಯನ್ನು ಅಳವಡಿಸಿದರು. ಅವರಲ್ಲಿ ಅನೇಕರ ಒಪ್ಪಿಗೆ ಪಡೆದಿರಲಿಲ್ಲ, ಕೆಲವರು ಇನ್ನೂ ಶಾಲೆಯಲ್ಲಿದ್ದ ಮಕ್ಕಳು. ಅದಕ್ಕೂ ಮೊದಲು, 1951ರಲ್ಲಿ, 22 ಇನ್ಯುಯಿಟ್ ಮಕ್ಕಳನ್ನು ಡೇನಿಷ್ ರೀತಿಯಲ್ಲಿ ಬೆಳೆಸುವ ಪ್ರಯೋಗಕ್ಕೆಂದು ಮನೆಯವರಿಂದ ಬೇರ್ಪಡಿಸಿ ಕೊಂಡೊಯ್ದಿದ್ದರು. ಮಕ್ಕಳ ವಿಷಯಕ್ಕೆ 2020ರಲ್ಲಿ, ಮಹಿಳೆಯರ ವಿಷಯಕ್ಕೆ 2025ರ ಸೆಪ್ಟೆಂಬರ್‌ನಲ್ಲಿ ನೂಕ್‌ನಲ್ಲಿ ನಿಂತು ಡೆನ್ಮಾರ್ಕ್ ಪ್ರಧಾನಿ ಮೆಟ್ಟೆ ಫ್ರೆಡ್ರಿಕ್ಸೆನ್ ಕ್ಷಮೆ ಕೇಳಿದರು. ವಿಮಾನದಲ್ಲಿ ಕರೆತಂದು ಶಸ್ತ್ರಚಿಕಿತ್ಸೆ ಮಾಡುವುದು ಒಳ್ಳೆಯದೇ ಇರಬಹುದು ಕೋಪನ್‌ಹೇಗನ್ ಅಣ್ಣ, ಆದರೆ ಆ ಆಸ್ಪತ್ರೆಯನ್ನು ಅಲ್ಲಿನ ಮಹಿಳೆಯರು ಹೇಗೆ ನೋಡುತ್ತಾರೆ ಎಂಬುದನ್ನೂ ಕೇಳಬೇಕು.

ಕೋಪನ್‌ಹೇಗನ್ ಕನ್ನಡಿಗ
ಒಪ್ಪುತ್ತೇನೆ ಅಕ್ಕ. ಇದು ಇಲ್ಲಿನ ಪತ್ರಿಕೆಗಳಲ್ಲೂ ದೊಡ್ಡ ಚರ್ಚೆಯಾಯಿತು. ಆರೋಗ್ಯ ಇಲಾಖೆ ನೂಕ್‌ನ ಕೈಗೆ ಬಂದದ್ದು 1992ರಲ್ಲಿ ಎಂಬುದನ್ನು ಇದರ ಜೊತೆಗೇ ಓದಬೇಕು.

ಪ್ರಶ್ನೆಪತ್ರಿಕೆ ಮೇಷ್ಟ್ರು
"ಡೆನ್ಮಾರ್ಕ್ ರಾಜಪ್ರಭುತ್ವದೊಳಗಿನ ಸ್ವಯಂ ಆಡಳಿತ ಪ್ರದೇಶ" ಎಂದು ಉತ್ತರಪತ್ರಿಕೆಯಲ್ಲಿ ಬರೆದರೆ ಸಮಿತಿ ಒಪ್ಪಬಹುದು. ಈಗ ಇನ್ನೊಂದು ಸಂದೇಹ. ಅಮೆರಿಕ ಅದನ್ನು ಕೊಳ್ಳುವ ಮಾತಾಡುತ್ತಿರುವುದು ಟ್ರಂಪ್ ಕಾಲದ ಹೊಸ ಹುಚ್ಚೇ, ಅಥವಾ ಅದಕ್ಕೂ ಇತಿಹಾಸವಿದೆಯೇ?

ಇತಿಹಾಸದ ಓದುಗ
ಇದೆ. ಅಲಾಸ್ಕಾವನ್ನು ಕೊಂಡ 1867ರ ಬೆನ್ನಿಗೇ ಅಮೆರಿಕದ ವಿದೇಶಾಂಗ ಇಲಾಖೆ ಗ್ರೀನ್‌ಲ್ಯಾಂಡ್ ಮತ್ತು ಐಸ್‌ಲ್ಯಾಂಡ್ ಕುರಿತು ವರದಿ ತರಿಸಿಕೊಂಡಿತ್ತು. ಡೆನ್ಮಾರ್ಕ್ ಕೆರಿಬಿಯನ್ನಿನಲ್ಲಿದ್ದ ತನ್ನ ದ್ವೀಪಗಳನ್ನು 2.5 ಕೋಟಿ ಡಾಲರಿಗೆ ಅಮೆರಿಕಕ್ಕೆ ಮಾರುವ ಒಪ್ಪಂದಕ್ಕೆ 1916ರಲ್ಲಿ ಸಹಿ ಹಾಕಿತು. ಆಗ, ಇಡೀ ಗ್ರೀನ್‌ಲ್ಯಾಂಡಿನ ಮೇಲೆ ಡೆನ್ಮಾರ್ಕ್ ತನ್ನ ಅಧಿಕಾರ ವಿಸ್ತರಿಸಿದರೆ ತಾನು ಆಕ್ಷೇಪಿಸುವುದಿಲ್ಲ ಎಂದು ಅಮೆರಿಕವೇ ಬರೆದುಕೊಟ್ಟಿತು. ಇಂದು ವಾಷಿಂಗ್ಟನ್ನಿನಲ್ಲಿ ಆ ಕಾಗದವನ್ನು ಯಾರೂ ತೆಗೆದು ನೋಡಿದಂತಿಲ್ಲ. 1946ರಲ್ಲಿ ಟ್ರೂಮನ್ ಸರ್ಕಾರ 10 ಕೋಟಿ ಡಾಲರ್ ಮೌಲ್ಯದ ಚಿನ್ನದ ಪ್ರಸ್ತಾಪ ಇಟ್ಟಿತು, ಡೆನ್ಮಾರ್ಕ್ ಒಪ್ಪಲಿಲ್ಲ.

ನಮಗೂ ಇದರಲ್ಲಿ ಒಂದು ಎಳೆ ಇದೆ. ತಮಿಳುನಾಡಿನ ತರಂಗಂಬಾಡಿಯಲ್ಲಿ 1620ರಿಂದ ಡೆನ್ಮಾರ್ಕಿನ ಕೋಟೆ ಇತ್ತು. ಅದನ್ನೂ ಬಂಗಾಳದ ಸೇರಾಂಪುರವನ್ನೂ ಒಟ್ಟಾಗಿ 1845ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಹನ್ನೆರಡೂವರೆ ಲಕ್ಷ ರೂಪಾಯಿಗೆ ಮಾರಿದರು.

ಹಾಸನದ ಹುಡುಗ
ಅಂದರೆ ಡೆನ್ಮಾರ್ಕಿಗೆ ಮಾರುವ ಅಭ್ಯಾಸ ಇದೆ ಎಂದಾಯಿತು!

ಧಾರವಾಡದ ವಕೀಲ
ಇತ್ತು ಎನ್ನಿ. ತರಂಗಂಬಾಡಿಯ ಜನರನ್ನು ಯಾರೂ ಕೇಳಲಿಲ್ಲ. 1916ರಲ್ಲಿ ಡೆನ್ಮಾರ್ಕಿನೊಳಗೆ ಜನಮತಗಣನೆ ನಡೆಯಿತು, ಆದರೆ ಮಾರಾಟವಾಗಲಿದ್ದ ದ್ವೀಪಗಳ ಜನರಿಗೆ ಅದರಲ್ಲಿ ಮತವಿರಲಿಲ್ಲ. 2009ರ ಬಳಿಕ ಗ್ರೀನ್‌ಲ್ಯಾಂಡಿನ ಜನರ ಒಪ್ಪಿಗೆ ಇಲ್ಲದೆ ಅವರ ನೆಲವನ್ನು ವರ್ಗಾಯಿಸಲು ಡೆನ್ಮಾರ್ಕಿಗೆ ಕಾನೂನಿನಲ್ಲಿ ದಾರಿಯಿಲ್ಲ. ಇತಿಹಾಸದ ಓದುಗರು ಅನುಮಾನದಿಂದ ನೋಡುವ ಆ ಪೀಠಿಕೆಯ ಒಂದು ವಾಕ್ಯಕ್ಕೆ ಬೆಲೆ ಬರುವುದು ಇಲ್ಲಿಯೇ. ಅಲ್ಲಿನ ಜನರ ಮನಸ್ಸಂತೂ 2025ರ ಜನವರಿಯ ಸಮೀಕ್ಷೆಯಲ್ಲಿ ತಿಳಿದಿದೆ: ಶೇಕಡಾ 85 ಮಂದಿ ಅಮೆರಿಕಕ್ಕೆ ಸೇರಲು ಒಲ್ಲೆ ಎಂದರು.

ಭೂಪಟಪ್ರಿಯ
ಕೊಳ್ಳುವ ಅಗತ್ಯವಾದರೂ ಏನಿದೆ ಎಂಬುದೇ ನನ್ನ ಪ್ರಶ್ನೆ. 1940ರಲ್ಲಿ ಜರ್ಮನಿ ಡೆನ್ಮಾರ್ಕನ್ನು ಆಕ್ರಮಿಸಿಕೊಂಡಾಗ, ವಾಷಿಂಗ್ಟನ್ನಿನಲ್ಲಿದ್ದ ಡೆನ್ಮಾರ್ಕ್ ರಾಯಭಾರಿ ಹೆನ್ರಿಕ್ ಕೌಫ್‌ಮನ್ ತನ್ನ ಸರ್ಕಾರವನ್ನು ಕೇಳದೆಯೇ 1941ರ ಏಪ್ರಿಲ್‌ನಲ್ಲಿ ಅಮೆರಿಕದೊಂದಿಗೆ ಒಪ್ಪಂದ ಮಾಡಿಕೊಂಡು ಅಲ್ಲಿ ನೆಲೆಗಳನ್ನು ಕಟ್ಟಲು ಬಿಟ್ಟರು. ಆಗ ಇವಿಟ್ಟುಟ್ ಎಂಬಲ್ಲಿನ ಕ್ರಯೋಲೈಟ್ ಗಣಿ ಬಹಳ ಮುಖ್ಯವಾಗಿತ್ತು, ಏಕೆಂದರೆ ಯುದ್ಧವಿಮಾನಗಳ ಅಲ್ಯೂಮಿನಿಯಂ ತಯಾರಿಕೆಗೆ ಆ ಖನಿಜ ಬೇಕಿತ್ತು. 1951ರ ರಕ್ಷಣಾ ಒಪ್ಪಂದ ಇಂದಿಗೂ ಜಾರಿಯಲ್ಲಿದ್ದು, 2004ರಲ್ಲಿ ಅದಕ್ಕೆ ತಿದ್ದುಪಡಿಯಾದಾಗ ನೂಕ್ ಸರ್ಕಾರವೂ ಸಹಿ ಹಾಕಿದೆ. ವಾಯವ್ಯದ ತೂಲೆ ನೆಲೆಗೆ 2023ರಿಂದ ಪಿಟುಫಿಕ್ ಬಾಹ್ಯಾಕಾಶ ನೆಲೆ ಎಂದು ಹೆಸರು. ಕ್ಷಿಪಣಿ ಎಚ್ಚರಿಕೆಯ ರಾಡಾರ್ ಅಲ್ಲಿದೆ. ಡೆನ್ಮಾರ್ಕಿನ ಮೂಲಕ ದ್ವೀಪವು ನ್ಯಾಟೊ ರಕ್ಷಣೆಯೊಳಗೂ ಇದೆ.

ಇತಿಹಾಸದ ಓದುಗ
ಆ ನೆಲೆಯ ಕಥೆಯನ್ನು ಪೂರ್ತಿ ಹೇಳಿ. 1968ರ ಜನವರಿಯಲ್ಲಿ ನಾಲ್ಕು ಹೈಡ್ರೋಜನ್ ಬಾಂಬುಗಳನ್ನು ಹೊತ್ತ ಅಮೆರಿಕದ ಬಿ-52 ವಿಮಾನ ಅದರ ಸಮೀಪದ ಹೆಪ್ಪುಗಟ್ಟಿದ ಕಡಲಿನ ಮೇಲೆ ಅಪ್ಪಳಿಸಿ ಪ್ಲುಟೋನಿಯಂ ಚೆಲ್ಲಿತು. ತನ್ನ ನೆಲದಲ್ಲಿ ಅಣ್ವಸ್ತ್ರ ಬೇಡ ಎಂಬುದು ಡೆನ್ಮಾರ್ಕಿನ ಬಹಿರಂಗ ನೀತಿಯಾಗಿತ್ತು.

ಶಿಲಾಶೋಧಕ
ಹಿಮದೊಳಗೆ ಸುರಂಗ ಕೊರೆದು ಕಟ್ಟಿದ ಕ್ಯಾಂಪ್ ಸೆಂಚುರಿಯನ್ನೂ ಸೇರಿಸಿಕೊಳ್ಳಿ. ಅಲ್ಲಿ ಒಂದು ಪುಟ್ಟ ಅಣು ರಿಯಾಕ್ಟರ್ ಇತ್ತು, 1967ರಲ್ಲಿ ಇಡೀ ಶಿಬಿರವನ್ನೇ ಕೈಬಿಟ್ಟರು. ವಿಜ್ಞಾನಕ್ಕೆ ಸಿಕ್ಕ ಲಾಭವೆಂದರೆ, 1966ರಲ್ಲಿ ಹಿಮಹಾಸನ್ನು ತಳದವರೆಗೆ ಕೊರೆದು ತೆಗೆದ ಮೊದಲ ಹಿಮಸ್ತಂಭ ಅಲ್ಲಿಂದಲೇ ಬಂದದ್ದು.

ಕಡಲತೀರದವಳು
ಹಿಮದ ಮಾತು ಬಂದಿತಲ್ಲ. ಅದು ಕರಗಿದರೆ ಉಳ್ಳಾಲದ ಕಡಲ್ಕೊರೆತಕ್ಕೂ ಸಂಬಂಧ ಇದೆಯೇ ಶಿಲಾಶೋಧಕರೇ?

ಶಿಲಾಶೋಧಕ
ಸ್ಥಳೀಯ ಕಡಲ್ಕೊರೆತಕ್ಕೆ ಬೇರೆ ಕಾರಣಗಳೂ ಇವೆ, ಆದರೆ ಸಮುದ್ರಮಟ್ಟದ ಏರಿಕೆಯಲ್ಲಿ ಗ್ರೀನ್‌ಲ್ಯಾಂಡಿನ ಪಾಲಿದೆ. ಈ ಶತಮಾನದ ಆರಂಭದಿಂದೀಚೆಗೆ ಅಲ್ಲಿನ ಹಿಮಹಾಸು ಸರಾಸರಿ ವರ್ಷಕ್ಕೆ ಸುಮಾರು 27,000 ಕೋಟಿ ಟನ್ ಹಿಮ ಕಳೆದುಕೊಳ್ಳುತ್ತಿದೆ ಎಂದು ಉಪಗ್ರಹಗಳ ಗುರುತ್ವ ಮಾಪನ ತೋರಿಸಿದೆ. ಪೂರ್ತಿ ಕರಗಲು ಅನೇಕ ಶತಮಾನಗಳು ಬೇಕು. ಕರಗಿದರೆ ಜಗತ್ತಿನ ಸಮುದ್ರಮಟ್ಟ ಏಳು ಮೀಟರಿಗೂ ಹೆಚ್ಚು ಏರುತ್ತದೆ. ವಿಚಿತ್ರವೆಂದರೆ, ಅಷ್ಟು ಭಾರದ ಹಿಮ ತನ್ನ ಗುರುತ್ವದಿಂದ ಸುತ್ತಲಿನ ಕಡಲನ್ನು ತನ್ನತ್ತ ಎಳೆದುಕೊಂಡಿರುತ್ತದೆ. ಅದು ಕರಗಿದಂತೆ ಎಳೆತ ಸಡಿಲವಾಗಿ, ಒತ್ತಡ ಇಳಿದ ನೆಲ ಮೇಲೇಳುವುದರಿಂದ ಗ್ರೀನ್‌ಲ್ಯಾಂಡಿನ ದಡದಲ್ಲಿ ಕಡಲು ಇಳಿಯುತ್ತದೆ, ದೂರದ ಉಷ್ಣವಲಯದಲ್ಲಿ ಸರಾಸರಿಗಿಂತ ಹೆಚ್ಚು ಏರುತ್ತದೆ.

ನಿವೃತ್ತ ತಹಶೀಲ್ದಾರ್
ಅವರ ಹಿಮ ಕರಗಿದರೆ ನಮ್ಮ ಕಡಲು ಏರುವುದೇ! ಇರಲಿ. ಕಂದಾಯದ ಮಾತು ಯಾರೂ ಎತ್ತಲಿಲ್ಲ. ಸ್ವತಂತ್ರರಾದರೆ ಖರ್ಚಿಗೇನು ಮಾಡುತ್ತಾರೆ?

ಧಾರವಾಡದ ವಕೀಲ
ಗಂಟು ಇರುವುದೇ ಅಲ್ಲಿ. ಡೆನ್ಮಾರ್ಕ್ ಪ್ರತಿವರ್ಷ ಒಂದು ಇಡಿಗಂಟಿನ ಅನುದಾನ ಕೊಡುತ್ತದೆ. 2009ರ ದರದಲ್ಲಿ ಅದು ಸುಮಾರು 344 ಕೋಟಿ ಕ್ರೋನರ್ ಆಗಿದ್ದು, ಬೆಲೆಯೇರಿಕೆಗೆ ತಕ್ಕಂತೆ ಹೆಚ್ಚುತ್ತದೆ. ಗ್ರೀನ್‌ಲ್ಯಾಂಡ್ ಸರ್ಕಾರದ ಆದಾಯದಲ್ಲಿ ಸುಮಾರು ಅರ್ಧ ಇದೇ. ಖನಿಜದಿಂದ ಹಣ ಬಂದರೆ ಮೊದಲ 7.5 ಕೋಟಿ ಕ್ರೋನರ್ ಪೂರ್ತಿ ಗ್ರೀನ್‌ಲ್ಯಾಂಡಿಗೆ ಸೇರುತ್ತದೆ, ಅದಕ್ಕಿಂತ ಹೆಚ್ಚಿನ ಆದಾಯದ ಅರ್ಧದಷ್ಟು ಮೊತ್ತವನ್ನು ಅನುದಾನದಿಂದ ಕಡಿತ ಮಾಡುತ್ತಾರೆ. ಅನುದಾನ ಸೊನ್ನೆಗಿಳಿದ ದಿನ ಎರಡೂ ಸರ್ಕಾರಗಳು ಮುಂದಿನ ಹಣಕಾಸು ಸಂಬಂಧದ ಬಗ್ಗೆ ಮಾತುಕತೆಗೆ ಕೂರಬೇಕೆಂದು ಕಾಯ್ದೆ ಹೇಳುತ್ತದೆ.

ಶಿಲಾಶೋಧಕ
ಖನಿಜ ಬೇಕಾದಷ್ಟಿದೆ, ಗಣಿಗಳು ಬೆರಳೆಣಿಕೆಯಷ್ಟೇ ಎಂಬುದು ಅಲ್ಲಿನ ಸ್ಥಿತಿ. ದಕ್ಷಿಣದ ನಾರ್ಸಾಕ್ ಪಟ್ಟಣದ ಬಳಿಯ ಕುವಾನರ್‌ಸುಯಿಟ್ ಬೆಟ್ಟದಲ್ಲಿ ವಿರಳ ಧಾತುಗಳ ದೊಡ್ಡ ನಿಕ್ಷೇಪವಿದ್ದರೂ ಅದರ ಜೊತೆಗೆ ಯುರೇನಿಯಂ ಬೆರೆತಿದೆ. 2021ರ ಚುನಾವಣೆ ನಡೆದದ್ದೇ ಹೆಚ್ಚುಕಡಿಮೆ ಆ ಗಣಿಯ ಪ್ರಶ್ನೆಯ ಮೇಲೆ. ಅದನ್ನು ವಿರೋಧಿಸಿದ ಪಕ್ಷ ಗೆದ್ದು, ಅದೇ ವರ್ಷ ಯುರೇನಿಯಂ ಗಣಿಗಾರಿಕೆಗೆ ನಿಷೇಧ ತಂದಿತು. ರಸ್ತೆ, ಬಂದರು, ವಿದ್ಯುತ್, ಕೆಲಸಗಾರರು ಎಲ್ಲವನ್ನೂ ಹೊರಗಿನಿಂದ ಹೊಂದಿಸಬೇಕಾದ ಕಡೆ ಗಣಿ ತೆಗೆಯುವುದು ಪತ್ರಿಕೆಯಲ್ಲಿ ಬರೆದಷ್ಟು ಸುಲಭವಲ್ಲ. ಇಂದಿಗೂ ರಫ್ತಿನಲ್ಲಿ ಶೇಕಡಾ 90ಕ್ಕೂ ಹೆಚ್ಚು ಪಾಲು ಸಿಗಡಿ ಮತ್ತು ಮೀನಿನದು.

ಕೋಪನ್‌ಹೇಗನ್ ಕನ್ನಡಿಗ
ಅಲ್ಲಿನ ಮತದಾರರಿಗೂ ಈ ಲೆಕ್ಕ ಗೊತ್ತು. 2025ರ ಮಾರ್ಚ್ ಚುನಾವಣೆಯಲ್ಲಿ, ಮೊದಲು ಆರ್ಥಿಕವಾಗಿ ನೆಲೆ ಕಂಡುಕೊಂಡು ನಿಧಾನವಾಗಿ ಸ್ವತಂತ್ರರಾಗೋಣ ಎನ್ನುವ ಡೆಮೊಕ್ರಾಟಿಟ್ ಪಕ್ಷ ಮೊದಲ ಸ್ಥಾನಕ್ಕೆ ಬಂತು, ಕೂಡಲೇ ಸ್ವಾತಂತ್ರ್ಯ ಬೇಕೆನ್ನುವ ನಲೇರಾಕ್ ಎರಡನೆಯ ಸ್ಥಾನ ಪಡೆಯಿತು. ಯೆನ್ಸ್-ಫ್ರೆಡ್ರಿಕ್ ನೀಲ್ಸೆನ್ ಅವರು ನಲೇರಾಕ್ ಒಂದನ್ನು ಬಿಟ್ಟು ಸಂಸತ್ತಿನ ಉಳಿದೆಲ್ಲ ಪಕ್ಷಗಳನ್ನು ಸೇರಿಸಿಕೊಂಡು ಸರ್ಕಾರ ರಚಿಸಿದರು.

ಇತಿಹಾಸದ ಓದುಗ
ಹಣದ ಲೆಕ್ಕವನ್ನೇ ಮುಂದಿಟ್ಟಿದ್ದರೆ ಐಸ್‌ಲ್ಯಾಂಡ್ ಎಂದೂ ಸ್ವತಂತ್ರವಾಗುತ್ತಿರಲಿಲ್ಲ. ಅದೂ ಡೆನ್ಮಾರ್ಕ್ ಅರಸನ ಅಡಿಯಲ್ಲೇ ಇತ್ತು. 1918ರಲ್ಲಿ ಅರಸನನ್ನು ಮಾತ್ರ ಉಳಿಸಿಕೊಂಡು ಸಾರ್ವಭೌಮವಾಯಿತು. 1944ರಲ್ಲಿ, ಡೆನ್ಮಾರ್ಕ್ ಇನ್ನೂ ಜರ್ಮನಿಯ ಹಿಡಿತದಲ್ಲಿದ್ದಾಗಲೇ, ಗಣರಾಜ್ಯವೆಂದು ಘೋಷಿಸಿಕೊಂಡಿತು. ಆಗ ಅದರ ಆದಾಯದ ಮೂಲವೂ ಮೀನೇ.

ಧಾರವಾಡದ ವಕೀಲ
ಆಗ ಐಸ್‌ಲ್ಯಾಂಡಿನ ಜನಸಂಖ್ಯೆ ಸುಮಾರು ಒಂದೂಕಾಲು ಲಕ್ಷ, ಅಂದರೆ ಇಂದಿನ ಗ್ರೀನ್‌ಲ್ಯಾಂಡಿನ ಎರಡು ಪಟ್ಟು.

ಇತಿಹಾಸದ ಓದುಗ
ಜನಸಂಖ್ಯೆ ಅಡ್ಡಿಯಾದರೆ ಹನ್ನೆರಡು ಸಾವಿರದಷ್ಟೇ ಜನರಿರುವ ನೌರು ವಿಶ್ವಸಂಸ್ಥೆಯಲ್ಲಿ ಹೇಗೆ ಕುಳಿತಿದೆ?

ಭೂಪಟಪ್ರಿಯ
ನೌರುವಿನ ವಿಸ್ತೀರ್ಣ 21 ಚದರ ಕಿಲೋಮೀಟರ್. ಗ್ರೀನ್‌ಲ್ಯಾಂಡಿನ ಕರಾವಳಿಯೊಂದೇ ಸುಮಾರು 44,000 ಕಿಲೋಮೀಟರ್ ಉದ್ದವಿದೆ. ಅದನ್ನು ಕಾಯುವ ಹಡಗುಗಳ ಖರ್ಚನ್ನು ಮೊದಲು ಹೇಳಿ, ಆಮೇಲೆ ಹೋಲಿಸಿ.